ಎರಡು ಗಿಡ ನೆಟ್ಟರೆ ಎರಡು ತಳಿ ನೆಟ್ಟಂತೆ ಆಗುವುದಿಲ್ಲ

ಚಿಂತಾಮಣಿಯ ಮನೆಯ ಹಿತ್ತಲಿನಲ್ಲಿ ಸೀಬೆಯ ಕುಟುಂಬದ ಹಣ್ಣಿನ ಗಿಡವಾದ ಫೀಜೋವಾ ಒಂದಕ್ಕಷ್ಟೇ ಜಾಗವಿದೆ, ಅಪೊಲೊ, ಟ್ರಯಂಫ್, ಯೂನಿಕ್ ತಳಿಗಳಲ್ಲಿ ಯಾವುದನ್ನು ಹಾಕಲಿ ಎಂದು ಕೇಳಿದ್ದೀರಿ. ಇದೇ ಆಸೆಯಿಂದ ನಾನು 2015ರಲ್ಲಿ ಚಿಕ್ಕಬಳ್ಳಾಪುರದ ನಮ್ಮ ಹಿತ್ತಲಿನಲ್ಲಿ ಎರಡು ಗಿಡ ನೆಟ್ಟೆ. ಮೊದಲ ಹಣ್ಣು ಕೈಗೆ ಬಂದದ್ದು 2023ರಲ್ಲಿ.

ಫೀಜೋವಾದ ಬಹಳಷ್ಟು ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಜೊತೆಗೆ ಇನ್ನೊಂದು ಇರಬೇಕು ಎಂಬುದನ್ನು ಓದಿಯೇ ನಾನು ಬೆಟ್ಟದ ಊರೊಂದರ ನರ್ಸರಿಯಿಂದ ಎರಡು ಗಿಡ ತಂದಿದ್ದೆ. ಎರಡೂ ಟ್ರಯಂಫ್. ತಪ್ಪಾದದ್ದು ಅಲ್ಲಿಯೇ. ಕಡ್ಡಿಯಿಂದ ಅಥವಾ ಕಸಿಯಿಂದ ಬೆಳೆಸಿದ ಒಂದೇ ತಳಿಯ ಗಿಡಗಳು ಎಷ್ಟಿದ್ದರೂ ಅವೆಲ್ಲ ಒಂದೇ ತಾಯಿಮರದ ತುಂಡುಗಳು. ಹತ್ತು ಅಡಿ ದೂರದಲ್ಲಿದ್ದ ಎರಡನೆಯ ಗಿಡದ ಪರಾಗವು ಮೊದಲನೆಯದಕ್ಕೆ ತನ್ನ ಪರಾಗವೇ ಆಗಿತ್ತು. ಬೀಜದ ಸಸಿಗಳನ್ನು ತಂದಿದ್ದರೆ, ಹಣ್ಣಿನ ಗುಣ ಹೇಗಿರುತ್ತಿತ್ತೋ ಏನೋ, ಒಂದಕ್ಕೊಂದು ಬೇರೆಯಾಗಿದ್ದುದರಿಂದ ಕಾಯಿಯಾದರೂ ಕಟ್ಟುತ್ತಿತ್ತು. ನಾನು ಎಣಿಸಿದ್ದು ಗಿಡಗಳನ್ನು, ಎಣಿಸಬೇಕಾಗಿದ್ದದ್ದು ತಳಿಗಳನ್ನು.

2019ರಲ್ಲಿ ಹೂ ಬಂತು. ಹೊರಗೆ ಬಿಳಿ, ಒಳಗೆ ನಸುನೇರಳೆ ಬಣ್ಣದ ನಾಲ್ಕು ದಪ್ಪ ಎಸಳುಗಳ ನಡುವೆ ಕಡುಗೆಂಪು ಕೇಸರಗಳ ಗೊಂಚಲು. ಎಸಳು ಸಿಹಿಯಾಗಿರುವುದರಿಂದ ಗೊರವಂಕಗಳು ಕಿತ್ತು ತಿನ್ನುತ್ತಿದ್ದವು. ಓಡಿಸಬಾರದು, ತಲೆಗೆ ಅಂಟಿದ ಪರಾಗವನ್ನು ಹೂವಿನಿಂದ ಹೂವಿಗೆ ಸಾಗಿಸುವವು ಅವೇ. ಮೂರು ವರ್ಷ ನಾನೂ ಬಣ್ಣದ ಕುಂಚ ಹಿಡಿದು ಈ ಗಿಡದಿಂದ ಆ ಗಿಡಕ್ಕೆ ಪರಾಗ ಮುಟ್ಟಿಸಿದೆ. ವಾರದೊಳಗೆ ತೊಟ್ಟು ಹಳದಿಯಾಗಿ ಎಲ್ಲವೂ ಉದುರುತ್ತಿದ್ದವು. ಅಂಗಳ ಗುಡಿಸುವಾಗ ಅಮ್ಮ ಅವನ್ನು ಮೊರದಲ್ಲಿ ತುಂಬಿ ತಂದು ತೋರಿಸುತ್ತಿದ್ದರು. ಗೊಬ್ಬರ ಹೆಚ್ಚಿಸಿದೆ, ನೀರು ಬದಲಿಸಿದೆ, ಬೇವಿನ ಹಿಂಡಿ ಹಾಕಿದೆ, ಕೊರತೆ ಮಣ್ಣಿನದಾಗಿರಲಿಲ್ಲ. 2021ರಲ್ಲಿ ಪರಿಚಿತರ ತೋಟದಿಂದ ಮ್ಯಾಮತ್ ತಳಿಯ ಕಡ್ಡಿಗಳನ್ನು ತಂದು ನಾಲ್ಕು ಕೊಂಬೆಗಳಿಗೆ ಸೀಳು ಕಸಿ ಕಟ್ಟಿದೆ. ಹಿಡಿದದ್ದು ಒಂದೇ. ಆ ಒಂದು ಕೊಂಬೆ ಹೂ ಬಿಟ್ಟ ವರ್ಷ 11 ಹಣ್ಣು ಸಿಕ್ಕವು. ಮಾಗಿದರೂ ಸಿಪ್ಪೆ ಹಸಿರಾಗಿಯೇ ಇರುವುದರಿಂದ ಕೀಳದೆ, ತಾನಾಗಿ ಬಿದ್ದದ್ದನ್ನು ಆಯಬೇಕು; ಕೊಯ್ದಾಗ ನಡುವಿನ ತಿರುಳು ಪಾರದರ್ಶಕ ಲೋಳೆಯಂತಿದ್ದರೆ ಅದೇ ಸರಿಯಾದ ಹದ.

ಆದರೂ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ದಕ್ಷಿಣ ಬ್ರೆಜಿಲ್, ಉರುಗ್ವೆಗಳ ತಂಪು ಸೀಮೆಯ ಈ ಗಿಡ ಚೆನ್ನಾಗಿ ಫಲ ಕೊಡಲು ಚಳಿಗಾಲದಲ್ಲಿ ಹತ್ತಾರು ಗಂಟೆಗಳಾದರೂ 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಬಯಸುತ್ತದೆ, ಹೂ ಬಿಟ್ಟಾಗ 32 ಡಿಗ್ರಿ ದಾಟಿದ ಬಿಸಿಲಿಗೆ ಕಾಯಿ ನಿಲ್ಲುವುದು ಕಡಿಮೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲಿನ ಮಾತು ಬೇರೆ, ನಾವಿರುವುದು ಬಯಲಿನಲ್ಲಿ. ನಮ್ಮ ಡಿಸೆಂಬರ್ ಅಷ್ಟು ತಣ್ಣಗಿರುವುದಿಲ್ಲ, ಏಪ್ರಿಲ್ ಅಷ್ಟು ಸೌಮ್ಯವಾಗಿರುವುದಿಲ್ಲ. ಇರುವುದು ಒಂದೇ ಜಾಗವಾದರೆ ಅದೇ ಕುಟುಂಬದ ನಮ್ಮ ಸೀಬೆಯನ್ನು ಹಾಕಿರಿ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ತಳಿ, ಕೆಂಪು ತಿರುಳಿನದು. ಜೊತೆ ಗಿಡ ಬೇಡ. ಮೂರನೆಯ ವರ್ಷಕ್ಕೆ ಕಾಯಿ ಕಾಣಬಹುದು. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಚೀಲ ಕಟ್ಟಿದರೆ ಹಣ್ಣುನೊಣದ ಕಾಟವೂ ತಪ್ಪುತ್ತದೆ.

ಫೀಜೋವಾವೇ ಬೇಕೆಂದರೆ, ಒಂಟಿಯಾಗಿ ಕಾಯಿ ಕಟ್ಟಬಲ್ಲ ಯೂನಿಕ್ ಅಥವಾ ಕೂಲಿಜ್ ತಳಿಯನ್ನೇ ಹುಡುಕಿರಿ, ಟ್ರಯಂಫ್ ಒಂದನ್ನೇ ತರಬೇಡಿರಿ. ಕೊಳ್ಳುವಾಗ ಅದು ಬೀಜದ ಸಸಿಯೋ, ಕಸಿಯೋ, ಕಸಿಯಾದರೆ ಯಾವ ತಳಿಯ ಕಡ್ಡಿ ಎಂಬುದನ್ನು ಕೇಳಿ, ರಸೀದಿಯ ಮೇಲೆಯೇ ಬರೆಯಿಸಿಕೊಳ್ಳಿರಿ.