ಮೂರು ಹಾಕಿದರೆ ಸರಿ, ಸೊನ್ನೆ ಹಾಕಿದರೆ ತಪ್ಪು

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಶೃಂಗ ರೂಪದಲ್ಲಿರುವ (ನಕ್ಷೆ ತಿರುಗುವ ಬಿಂದುವಾದ ಶೃಂಗ ನೇರವಾಗಿ ಕಾಣುವ ರೂಪ) 2(ಕ್ಷ − 3)² + 5 ಎಂಬ ವರ್ಗ ಬಹುಪದೋಕ್ತಿಯನ್ನು ಆದರ್ಶ ರೂಪಕ್ಕೆ (ಆವರಣವಿಲ್ಲದೆ ಕ್ಷ², ಕ್ಷ, ಬರೀ ಸಂಖ್ಯೆ ಎಂಬ ಕ್ರಮದ ರೂಪ) ಬಿಡಿಸಿದಾಗ ನನಗೆ 2ಕ್ಷ² − 13 ಬಂತು. ಕ್ಷ = 3 ಎಂದು ಹಾಕಿ ತಾಳೆ ನೋಡಿದೆ; ಎರಡರಲ್ಲೂ 5 ಬಂತು. ಆದರೂ ಉಪನ್ಯಾಸಕರು ತಪ್ಪು ಎಂದು ಗೀಟು ಎಳೆದಿದ್ದಾರೆ. ಹೇಗೆ?

ಉತ್ತರ: ತಾಳೆ ನೋಡಿದ್ದಕ್ಕೆ ಮೊದಲು ಶಹಬ್ಬಾಸ್, ಬಹುಪಾಲು ಮಂದಿ ಆ ಕಷ್ಟ ತೆಗೆದುಕೊಳ್ಳುವುದಿಲ್ಲ. ಆದರೆ ನೀವು ಆರಿಸಿಕೊಂಡ ಸಂಖ್ಯೆಯೇ ಕೈಕೊಟ್ಟಿದೆ. ಈಗ ಸೊನ್ನೆ ಹಾಕಿ ನೋಡಿ: ಮೂಲದಲ್ಲಿ 2 × 9 + 5, ಅಂದರೆ 23, ನಿಮ್ಮ ಉತ್ತರದಲ್ಲಿ −13.

(ಕ್ಷ − 3)² ಅನ್ನು ನೀವು ಕ್ಷ² − 9 ಎಂದು ಬರೆದುಕೊಂಡಿದ್ದೀರಿ. ಇವೆರಡೂ ಸಮವಾಗುವುದು ಕ್ಷ = 3 ಆದಾಗ ಮಾತ್ರ; ಆಗ ಎರಡೂ ಸೊನ್ನೆ. ಇರುವ ಅಷ್ಟೂ ಸಂಖ್ಯೆಗಳಲ್ಲಿ ನಿಮ್ಮ ತಪ್ಪನ್ನು ಮುಚ್ಚಿಹಾಕಬಲ್ಲ ಒಂದೇ ಒಂದು ಸಂಖ್ಯೆಗೆ ಕೈ ಹಾಕಿದ್ದೀರಿ!

ಕ್ಷ ಮೀಟರ್ ಉದ್ದ, ಅಷ್ಟೇ ಅಗಲದ ಮೂಲೆ ನಿವೇಶನವೊಂದಿದೆ ಎನ್ನಿ. ರಸ್ತೆ ಅಗಲೀಕರಣಕ್ಕೆಂದು ಎರಡು ಬದಿಯಲ್ಲೂ 3 ಮೀಟರ್ ಪಟ್ಟಿ ಹೋಯಿತು. ಒಂದೊಂದು ಪಟ್ಟಿಯ ವಿಸ್ತೀರ್ಣ 3ಕ್ಷ. ಎರಡೂ ಸೇರಿ 6ಕ್ಷ. ಆದರೆ ಪಟ್ಟಿಗಳು ಕೂಡುವ ಮೂಲೆಯ 3 × 3 ತುಂಡನ್ನು ಎರಡು ಸಲ ಕಳೆದಂತಾಯಿತಲ್ಲ, ಒಂದು ಸಲದ್ದನ್ನು ಮರಳಿ ಕೊಡಬೇಕು. ಉಳಿದದ್ದು ಕ್ಷ² − 6ಕ್ಷ + 9. ನೀವು ಮೂಲೆಯ ತುಂಡನ್ನಷ್ಟೇ ಕಳೆದು, ಉಳಿದ ಪಟ್ಟಿಗಳನ್ನು ಕಳೆಯದೆ ಹಾಗೇ ಬಿಟ್ಟಿದ್ದೀರಿ. ನಿವೇಶನದ ಮಾಲೀಕರಿಗೆ ಸಂತೋಷವಾದೀತು.

ಮುಂದಿನದು ಸರಾಗ. ಆವರಣದ ಮೂರೂ ಪದಗಳನ್ನು 2ರಿಂದ ಗುಣಿಸಿ 5 ಕೂಡಿಸಿದರೆ 2ಕ್ಷ² − 12ಕ್ಷ + 23. ವರ್ಗ ಮಾಡುವ ಮೊದಲೇ 2 ಅನ್ನು ಆವರಣದೊಳಗೆ ತೂರಿಸಬೇಡಿ; ಅದೂ ವರ್ಗವಾಗಿ 4 ಆಗಿಬಿಡುತ್ತದೆ.

ನಕ್ಷೆ ಬರೆದಿದ್ದರೆ ತಪ್ಪು ಕಣ್ಣಿಗೇ ಬೀಳುತ್ತಿತ್ತು. ಇಂಥ ಬಹುಪದೋಕ್ತಿಯ ನಕ್ಷೆ ಪರವಲಯ ಎಂಬ ಬಟ್ಟಲಿನಂಥ ವಕ್ರರೇಖೆ. ಮಧ್ಯದ ಪದ, ಅಂದರೆ ಕ್ಷ ಇರುವ ಪದ, ಇಲ್ಲದ ಪರವಲಯದ ಶೃಂಗ ಲಂಬ ಅಕ್ಷದ ಮೇಲೆಯೇ ಇರುತ್ತದೆ. ನಿಮ್ಮದರ ಶೃಂಗ (0, −13). ಮೂಲದ ಶೃಂಗವಾದರೋ (3, 5). ಪರವಲಯ ಬಲಕ್ಕೆ 3 ಮಾನ ಸರಿದಿದೆ ಎಂಬುದರ ಗುರುತೇ ಆ −12ಕ್ಷ. ಅದನ್ನು ಅಳಿಸಿದರೆ ಸರಿದದ್ದೂ ಅಳಿಸಿಹೋಗುತ್ತದೆ.

ಶೃಂಗದಿಂದಲೇ ತಾಳೆ ನೋಡುವ ಆಸೆಯಿದ್ದರೆ, ಕ್ಷದ ಸಹಗುಣಕದ (ಅದರ ಮುಂದಿರುವ ಸಂಖ್ಯೆ, ಇಲ್ಲಿ −12) ಚಿಹ್ನೆ ಬದಲಿಸಿ, ಕ್ಷ²ದ ಸಹಗುಣಕದ ಎರಡರಷ್ಟರಿಂದ ಭಾಗಿಸಿ, ಶೃಂಗದ ಕ್ಷ ಬೆಲೆ ಸಿಗುತ್ತದೆ: 12 ÷ 4 = 3. ಜೊತೆಗೆ ಸೊನ್ನೆಯನ್ನೂ ಹಾಕಿ ನೋಡಿ. ಬಿಡಿಸಿದ ರೂಪದಲ್ಲಿ ಆಗ ಉಳಿಯುವುದು ಸ್ಥಿರಪದ 23 ಒಂದೇ, ಬಾಯಲ್ಲೇ ಲೆಕ್ಕ ಮುಗಿಯುತ್ತದೆ.