ವಿತ್ತೀಯ ಕೊರತೆ ನವೆಂಬರ್‌ಗೇ ಗುರಿಯ ಅರ್ಧ ದಾಟಿದರೆ ಗಾಬರಿಯಾಗಬೇಕೇ?

ಬೇಕಿಲ್ಲ. ವರ್ಷದ ಗುರಿಯಲ್ಲಿ ಶೇಕಡಾ ಎಷ್ಟು ಆಯಿತು ಎಂಬ ಲೆಕ್ಕ ತಿಂಗಳಿಂದ ತಿಂಗಳಿಗೆ ಒಂದೇ ಸಮನೆ ಏರುವುದಿಲ್ಲ.

ಸರ್ಕಾರ ಮಾಡುವ ಖರ್ಚಿನಿಂದ ಸಾಲವಲ್ಲದ ಆದಾಯವನ್ನು ಕಳೆದರೆ ಉಳಿಯುವುದೇ ವಿತ್ತೀಯ ಕೊರತೆ, ಅಂದರೆ ಸಾಲ ತಂದು ತುಂಬಬೇಕಾದ ಮೊತ್ತ. 2024-25ರ ಜುಲೈ ಬಜೆಟ್‌ನಲ್ಲಿ ಖರ್ಚು ₹48.21 ಲಕ್ಷ ಕೋಟಿ, ಆದಾಯ ₹32.07 ಲಕ್ಷ ಕೋಟಿ. ಕೊರತೆ ಸುಮಾರು ₹16.13 ಲಕ್ಷ ಕೋಟಿ, ಜಿಡಿಪಿಯ ಶೇ 4.9.

ಸಂಬಳ, ಪಿಂಚಣಿ, ಬಡ್ಡಿ ಏಪ್ರಿಲ್‌ನಿಂದಲೇ ಹೋಗುತ್ತಿರುತ್ತವೆ. ಆದರೆ ತೆರಿಗೆ ಕಂತುಕಂತಾಗಿ ಬರುತ್ತದೆ. ವರ್ಷದ ಆದಾಯ ತೆರಿಗೆಯನ್ನು ಅಂದಾಜಿಸಿ ವರ್ಷದೊಳಗೇ ಕಟ್ಟುವ ಮುಂಗಡ ತೆರಿಗೆಯನ್ನೇ ನೋಡಿ: ಜೂನ್ 15ರೊಳಗೆ ಅದರ ಶೇ 15 ಕಟ್ಟಿದರೆ ಸಾಕು, ಸೆಪ್ಟೆಂಬರ್‌ಗೆ ಒಟ್ಟು ಶೇ 45, ಡಿಸೆಂಬರ್‌ಗೆ ಶೇ 75, ಉಳಿದದ್ದು ಮಾರ್ಚ್ 15ಕ್ಕೆ. ಮಳೆಗಾಲಕ್ಕೆ ಮೊದಲು ಸಾಲ ಮಾಡಿ ಬಿತ್ತಿ, ಸುಗ್ಗಿಯಲ್ಲಿ ತೀರಿಸುವ ರೈತನ ಲೆಕ್ಕದಂತೆಯೇ ಇದು. ಉಲ್ಟಾ ಕೂಡ ಆಗುತ್ತದೆ: 2024ರ ಮೇ ತಿಂಗಳಲ್ಲಿ ಆರ್‌ಬಿಐ ತನ್ನಲ್ಲಿ ಉಳಿದ ₹2.11 ಲಕ್ಷ ಕೋಟಿ ಹೆಚ್ಚುವರಿ ಹಣವನ್ನು ಸರ್ಕಾರಕ್ಕೆ ವರ್ಗಾಯಿಸಿತು, ಆ ವರ್ಷದ ಆರಂಭದ ಕೊರತೆ ತೀರಾ ಸಣ್ಣದಾಗಿ ಕಂಡಿತು.

ಹಾಗಾಗಿ ಈ ನವೆಂಬರ್ ಅನ್ನು ಹೋದ ನವೆಂಬರ್ ಜೊತೆ ಹೋಲಿಸಿ. ಲೆಕ್ಕಪತ್ರ ಮಹಾನಿಯಂತ್ರಕರ (ಸಿಜಿಎ) ಜಾಲತಾಣದಲ್ಲಿ ಪ್ರತಿ ತಿಂಗಳ ಲೆಕ್ಕ ಸಾಮಾನ್ಯವಾಗಿ ಮುಂದಿನ ತಿಂಗಳ ಕೊನೆಗೆ ಸಿಗುತ್ತದೆ. ನಾನು ಮೊದಲು ನೋಡುವುದು ಬಂಡವಾಳ ವೆಚ್ಚದ ಸಾಲು. ಅದರಲ್ಲಿ ಸೇರುವ ರಸ್ತೆ, ರೈಲಿನ ಹಣ ತಡೆಹಿಡಿದೂ ಕೊರತೆ ತಗ್ಗಿಸಬಹುದು. ಅದು ಒಳ್ಳೆಯ ಸುದ್ದಿಯಲ್ಲ.