ಟ್ರಿಟಿಯಂ ಗಿಡದಲ್ಲಿ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ಅಣುಸ್ಥಾವರದಿಂದ ಹೊರಬೀಳುವ ಟ್ರಿಟಿಯಂ ಗಿಡಕ್ಕೆ ಸೇರುವುದು ಬೇರಿನಿಂದಲೋ ಎಲೆಯಿಂದಲೋ? ಸೇರಿದ್ದು ಒಳಗೇ ಕೂಡಿಕೊಳ್ಳುತ್ತಾ ಹೋಗುತ್ತದೆಯೇ?

ಉತ್ತರ: ಎರಡೂ ಕಡೆಯಿಂದ. ಟ್ರಿಟಿಯಂ ಎಂದರೆ ಎರಡು ನ್ಯೂಟ್ರಾನ್ ಹೊತ್ತ ವಿಕಿರಣಶೀಲ ಹೈಡ್ರೋಜನ್; ಅರ್ಧಾಯು 12.3 ವರ್ಷ. ಅದು ನೀರಿನ ರೂಪದಲ್ಲಿದ್ದರೆ ಬೇರು ಅದನ್ನು ಮಾಮೂಲಿ ನೀರಿನ ಜೊತೆಗೇ ಹೀರುತ್ತದೆ. ಹೈಡ್ರೋಜನ್ ಅನಿಲವಾಗಿದ್ದರೆ ಎಲೆಗೆ ಅಷ್ಟಾಗಿ ಇಳಿಯದು. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೀರಾಗಿಸಿಬಿಡುತ್ತವೆ.

ನೀರಾವಿಯಾಗಿದ್ದರೆ ಮಾತ್ರ ಎಲೆಯ ದಾರಿ ಚುರುಕು. ಪತ್ರರಂಧ್ರದಿಂದ, ಅಂದರೆ ಎಲೆಯ ಮೇಲಿನ ಸೂಕ್ಷ್ಮ ತೂತುಗಳಿಂದ, ನೀರಾವಿ ಹೊರಹೋಗುತ್ತದೆ ಎಂದಷ್ಟೇ ನಾವು ಓದಿರುತ್ತೇವೆ. ಅದೇ ರಂಧ್ರದಲ್ಲಿ ಹೊರಗಿನ ಆವಿಯೂ ಒಳಬರುತ್ತದೆ. ಹಗಲಲ್ಲಿ ಕೆಲವೇ ಗಂಟೆಗಳಲ್ಲಿ ಎಲೆಯ ನೀರು ಸುತ್ತಲ ಗಾಳಿಯ ತೇವವನ್ನು ಅನುಸರಿಸುತ್ತದೆ. ರಾತ್ರಿ ರಂಧ್ರ ಮುಚ್ಚಿದಾಗ ನಿಧಾನ. ಗಾಳಿ ತಿಳಿಯಾದರೆ ಬಂದದ್ದು ಬಹುಪಾಲು ಹಾಗೆಯೇ ಹೊರಟುಹೋಗುತ್ತದೆ.

ನಿಲ್ಲುವುದು ದ್ಯುತಿಸಂಶ್ಲೇಷಣೆಯಲ್ಲಿ ಸಿಕ್ಕಿಬಿದ್ದ ಪಾಲು. ನೀರಿನ ಹೈಡ್ರೋಜನ್ ಸಕ್ಕರೆ, ಪಿಷ್ಟ, ಸೆಲ್ಯುಲೋಸ್ ಸೇರುವಾಗ ಟ್ರಿಟಿಯಂ ಕೂಡ ಸೇರುತ್ತದೆ. ಆಮ್ಲಜನಕಕ್ಕೋ ಸಾರಜನಕಕ್ಕೋ ಅಂಟಿದ್ದು ಸುತ್ತಲ ನೀರಿನೊಡನೆ ಅದಲುಬದಲಾಗುತ್ತಲೇ ಇರುತ್ತದೆ; ಇಂಗಾಲಕ್ಕೆ ಅಂಟಿದ್ದು ಆ ಅಣು ಒಡೆಯುವ ತನಕ ಕದಲದು. ಹಾಗಾಗಿ ಭತ್ತ, ಗೋಧಿಯಲ್ಲಿ ಕಾಳು ಹಾಲುಗಟ್ಟುವ ದಿನಗಳೇ ಸೂಕ್ಷ್ಮ: ಆಗ ತಾಗಿದ್ದು ನೇರ ಪಿಷ್ಟಕ್ಕೆ ಹೋಗುತ್ತದೆ. ತೊಳೆದರೂ ಒಣಗಿಸಿದರೂ ಈ ಪಾಲು ಬಿಡದು.

ಆದರೆ ಗಿಡ ಇದನ್ನು ಸಾಂದ್ರವಾಗಿಸುವುದಿಲ್ಲ. ಒಣಪದಾರ್ಥದ ಟ್ರಿಟಿಯಂ ಎಲೆಯ ನೀರಿನದಕ್ಕಿಂತ ಹೆಚ್ಚು ಕಂಡರೆ, ಅದು ಸಾಮಾನ್ಯವಾಗಿ ಹಿಂದಿನ ವಾರಗಳ ಗಾಳಿಯ ನೆನಪು. ಈ ಎರಡನ್ನೂ ಬೇರೆಬೇರೆ ಅಳೆಯದೆ ತೀರ್ಮಾನ ಹೇಳಬಾರದು.

ಪ್ರಶ್ನೆ: ಬೇರೆಬೇರೆಯಾಗಿ ಅಳೆಯುವುದು ಹೇಗೆ?

ಉತ್ತರ: ಟ್ರಿಟಿಯಂ ಹೊಮ್ಮಿಸುವ ಬೀಟಾ ಕಣದ (ಎಲೆಕ್ಟ್ರಾನಿನ) ಸರಾಸರಿ ಶಕ್ತಿ ಬರೀ 5.7 ಕಿಲೋ ಎಲೆಕ್ಟ್ರಾನ್ ವೋಲ್ಟ್. ವಿಕಿರಣ ಅಳೆಯುವ ಸಾಮಾನ್ಯ ಗೈಗರ್ ಕೌಂಟರಿನ ಕಿಟಕಿಯನ್ನೇ ಅದು ದಾಟದು. ಹಾಗಾಗಿ ಮಾದರಿಯಿಂದ ನೀರು ತೆಗೆದು, ಬೀಟಾ ತಾಗಿದರೆ ಬೆಳಕು ಚೆಲ್ಲುವ ಮಿನುಗುದ್ರವದಲ್ಲಿ ಬೆರೆಸಿ, ಆ ಮಿನುಗುಗಳನ್ನು ಎಣಿಸಬೇಕು. ಕೊಯ್ದ ಎಲೆಯನ್ನು ಕೂಡಲೇ ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ ನೀರನ್ನು ಹಿಡಿದಿಡಬೇಕು. ಒಣಪುಡಿಯನ್ನು ಟ್ರಿಟಿಯಂ ಇಲ್ಲದ ನೀರಲ್ಲಿ ಜಾಲಿಸಿ ಮತ್ತೆ ಒಣಗಿಸಿದರೆ ಅದಲುಬದಲಾಗುವ ಪಾಲು ಹೋಗುತ್ತದೆ. ಉಳಿದದ್ದನ್ನು ಆಮ್ಲಜನಕದಲ್ಲಿ ಸುಡಬೇಕು. 10 ಗ್ರಾಂ ಸೆಲ್ಯುಲೋಸ್ ಸುಟ್ಟರೆ ಸುಮಾರು 5.5 ಮಿಲಿಲೀಟರ್ ನೀರು ಸಿಗುತ್ತದೆ.

ಎಡವುವುದು ಇಲ್ಲೇ. ಪುಡಿಯನ್ನು ತೆರೆದಿಟ್ಟರೆ ಕೋಣೆಯ ತೇವ ಸೇರುತ್ತದೆ. ಅರೆಬರೆ ಸುಟ್ಟರೆ ನೀರು ಹಳದಿಯಾಗಿ ಮಿನುಗುದ್ರವದ ಬೆಳಕನ್ನು ನುಂಗಿ ಎಣಿಕೆ ತಗ್ಗಿಸುತ್ತದೆ, ಮರುಬಟ್ಟಿ ಇಳಿಸಲೇಬೇಕು. ದ್ರವ ಬೆರೆಸಿದ ಕೂಡಲೇ ಎಣಿಸಿದರೆ ಟ್ರಿಟಿಯಂನದಲ್ಲದ, ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ ಮಿನುಗೂ ಲೆಕ್ಕಕ್ಕೆ ಬೀಳುತ್ತದೆ. ಸೀಸೆಯನ್ನು ಕತ್ತಲಲ್ಲಿ ಕೆಲವು ಗಂಟೆ ಇಟ್ಟು ಎಣಿಸಿ.